ಶನಿವಾರದ ಮನೆ

ಒಂದೇ ಭಾಷಣವನ್ನು ನಾನು ನಾಲ್ಕು ವರ್ಷ ಬರೆದೆ. ಓದಿದರೆ ಮೂರು ನಿಮಿಷವೂ ಆಗದ ಭಾಷಣ. ಬರ್ಕ್ಲಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಫೋಟೋಕಾಪಿ ಅಂಗಡಿಯಲ್ಲಿ ಕೆಟ್ಟುಹೋದ ಹಾಳೆಗಳು ರಾಶಿ ಬೀಳುತ್ತಿದ್ದವು. ಅವುಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ, ಹೊಡೆದುಹಾಕುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ಮೊದಲ ವರ್ಷದ ಭಾಷಣದಲ್ಲಿ ಬೈಗುಳ ಜಾಸ್ತಿ ಇತ್ತು. ಎರಡನೆಯ ವರ್ಷ ಬೈಗುಳ ತೆಗೆದು ವ್ಯಂಗ್ಯ ತುಂಬಿದೆ. ಮೂರನೆಯ ವರ್ಷದ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಅಪ್ಪನ ಮರ್ಯಾದೆ ತೆಗೆಯಬೇಕಾದರೆ ಅವರನ್ನು ಬೈಯಬಾರದು, ಅವರಿಗೆ ಧನ್ಯವಾದ ಹೇಳಬೇಕು. ಅದೂ ಮುನ್ನೂರು ಜನರ ಎದುರು, ಮೈಕಿನಲ್ಲಿ, ಒಳ್ಳೆಯ ಕನ್ನಡದಲ್ಲಿ ಹೇಳಬೇಕು.

ಅದಕ್ಕೆ ತಕ್ಕ ವೇದಿಕೆಯೂ ಸಿದ್ಧವಾಗಿತ್ತು. ಎಂಬತ್ತರ ದಶಕದಲ್ಲಿ ಅಮೆರಿಕಾದ ಪಶ್ಚಿಮ ಕರಾವಳಿಯ ಬೇ ಏರಿಯಾದಲ್ಲಿ ಕನ್ನಡದವರು ಇದ್ದದ್ದು ಎಲ್ಲರಿಗೂ ಎಲ್ಲರ ಗುರುತಿರುವಷ್ಟು ಮಂದಿ. ಪ್ರತಿ ಜೂನ್‌ನಲ್ಲಿ ಒಂದು ಶನಿವಾರ ಕನ್ನಡ ಸಂಘದವರು ಯಾವುದಾದರೂ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು, ಆ ವರ್ಷ ಕಾಲೇಜು ಮುಗಿಸಿದ ಮಕ್ಕಳನ್ನು ಅಪ್ಪ ಅಮ್ಮನ ಜೊತೆ ಮೇಲೆ ಕರೆಯುತ್ತಿದ್ದರು. ಅಪ್ಪನಿಗೆ ಶಾಲು, ಅಮ್ಮನಿಗೆ ಹೂವು, ಮಗುವಿಗೆ ಒಂದು ಪೆನ್ನು. ಆಮೇಲೆ ಮಗು ತಂದೆತಾಯಿಗೆ ಕೃತಜ್ಞತೆ ಹೇಳಬೇಕು, ಕನ್ನಡದಲ್ಲೇ ಹೇಳಬೇಕು. ಕನ್ನಡ ಓದಲು ಬಾರದವರಿಗೆ ಅಮ್ಮಂದಿರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತಿದ್ದರು. ಆರಡಿ ಎತ್ತರದ ಹುಡುಗ ‘ನಾನು ನನ್ನ ತಂದೆತಾಯಿಗೆ ಚಿರಋಣಿ’ ಎಂದು ಬೆವರುತ್ತ ಓದುವುದು, ಸಭೆ ಚಪ್ಪಾಳೆ ತಟ್ಟುವುದು, ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತು ಆರುವುದು, ಎಲ್ಲ ಪ್ರತಿ ವರ್ಷವೂ ಒಂದೇ ಥರ ನಡೆಯುತ್ತಿತ್ತು. ನನ್ನ ಸರದಿ ಬಂದಾಗ ಇದನ್ನು ಕೆಡಿಸುತ್ತೇನೆ ಎಂದು ಹದಿನೆಂಟನೆಯ ವಯಸ್ಸಿಗೆ ತೀರ್ಮಾನ ಮಾಡಿದ್ದೆ.

ಕಾರಣ ಹೇಳುತ್ತೇನೆ. ಅಪ್ಪ ಮಂಡ್ಯ ಕಡೆಯ ಹಳ್ಳಿಯವರು. ಮೈಸೂರಿನಲ್ಲಿ ವಾರಾನ್ನ ಉಂಡು ಇಂಜಿನಿಯರಿಂಗ್ ಓದಿದವರು. ಊಟಕ್ಕೆ ಗತಿಯಿಲ್ಲದ ವಿದ್ಯಾರ್ಥಿ ಮನೆಮನೆಗೆ ಹೋಗಿ ಕೇಳಿಕೊಂಡು, ಸೋಮವಾರಕ್ಕೆ ಒಬ್ಬರ ಮನೆ, ಮಂಗಳವಾರಕ್ಕೆ ಇನ್ನೊಬ್ಬರ ಮನೆ ಎಂದು ಗೊತ್ತುಮಾಡಿಕೊಂಡು ಉಣ್ಣುವುದಕ್ಕೆ ವಾರಾನ್ನ ಎನ್ನುತ್ತಿದ್ದರು. ಪ್ರತಿಯಾಗಿ ಅವನು ಬಾವಿಯಿಂದ ನೀರು ಸೇದಿಕೊಡಬೇಕು, ಆ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು. ಅಪ್ಪನಿಗೆ ಆರು ದಿನಕ್ಕೆ ಆರು ಮನೆ ಸಿಕ್ಕಿದ್ದವು. ಶನಿವಾರಕ್ಕೆ ಮಾತ್ರ ಸಿಕ್ಕಿರಲಿಲ್ಲ. ‘ಶನಿವಾರ ನೀರು ಕುಡಿದು ಮಲಗ್ತಿದ್ದೆ’ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಉತ್ತರ. ನಾನು ಹೊಸ ಶೂ ಕೇಳಿದರೆ ಶನಿವಾರ. ಸ್ನೇಹಿತೆಯರ ಜೊತೆ ಸಿನಿಮಾಕ್ಕೆ ಹೋಗುತ್ತೇನೆ ಎಂದರೆ ಶನಿವಾರ. ಹಾಗಲಕಾಯಿ ಬೇಡ ಎಂದರಂತೂ ಊಟ ಮುಗಿಯುವವರೆಗೂ ಶನಿವಾರ. ಬೇರೆಯವರ ಮನೆಯಲ್ಲಿ ಎರಡನೆಯ ಸಲ ಬಡಿಸಲು ಬಂದರೆ ಅಪ್ಪ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಜಾಸ್ತಿ ಉಂಡರೆ ಮುಂದಿನ ವಾರ ಬೇಡ ಅಂದಾರು ಎನ್ನುವ ಭಯಕ್ಕೆ ಹುಡುಗನಾಗಿದ್ದಾಗ ಬಂದ ಅಭ್ಯಾಸವಂತೆ. ಸಾಂತಾ ಕ್ಲಾರಾದ ಚಿಪ್ ಕಂಪನಿಯಲ್ಲಿ ದೊಡ್ಡ ಇಂಜಿನಿಯರ್ ಆದಮೇಲೂ ಆ ಕೈ ಹಾಗೆಯೇ ಅಡ್ಡ ಬರುತ್ತಿತ್ತು. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ನಾಚಿಕೆ.

ಬರ್ಕ್ಲಿಯಲ್ಲಿ ಸೀಟು ಸಿಕ್ಕ ಕಾಗದ ಬಂದ ದಿನ ಮೌಂಟನ್ ವ್ಯೂನ ನಮ್ಮ ಬೀದಿಯವರಿಗೆಲ್ಲ ಕೇಳುವ ಹಾಗೆ ಅಪ್ಪ ಸಂತೋಷಪಟ್ಟರು. ಇತಿಹಾಸ ಓದುತ್ತೇನೆ ಎಂದಾಗ ಆ ಸಂತೋಷ ಅರ್ಧ ಗಂಟೆಯೂ ಉಳಿಯಲಿಲ್ಲ.

“ಇತಿಹಾಸ ಓದೋಕೆ ಅಮೆರಿಕಾಗೆ ಬರ್ಬೇಕಿತ್ತಾ? ಅಲ್ಲೇ ಇರ್ಬಹುದಿತ್ತಲ್ಲ!”

“ಓದೋಳು ನಾನಲ್ವಾ ಅಪ್ಪ?”

“ಫೀಸು ಕಟ್ಟೋನು ನಾನು. ಇಂಜಿನಿಯರಿಂಗ್ ಆದ್ರೆ ಕಟ್ತೀನಿ. ಮೆಡಿಸಿನ್ ಆದ್ರೆ ಸಾಲ ಮಾಡಾದ್ರೂ ಕಟ್ತೀನಿ. ಇದಕ್ಕೆ ನಯಾಪೈಸೆ ಕೊಡಲ್ಲ. ನಿನಗೆ ಬೇಕಾದ್ದೇ ಓದ್ಬೇಕು ಅಂದ್ರೆ ನಿನ್ನ ಕಾಲ ಮೇಲೆ ನಿಂತ್ಕೊಂಡು ಓದು. ನಾನು ಓದ್ಲಿಲ್ವಾ?”

“ಓದ್ತೀನಿ. ಈ ಮನೆ ಒಂದಗುಳೂ ಮುಟ್ಟಲ್ಲ.”

“ಮುಟ್ಬೇಡ. ಶನಿವಾರ ಬಂದಾಗ ಗೊತ್ತಾಗತ್ತೆ ನಿಂಗೆ.”

ಅಮ್ಮ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. “ಇಬ್ರೂ ಒಂದೇ ಅಚ್ಚು. ನನ್ನ ಹಣೆಬರಹ,” ಎಂದು ಕುಕ್ಕರಿನ ಕಡೆ ತಿರುಗಿಕೊಂಡರು.

ಮಾತು ಉಳಿಸಿಕೊಂಡೆ. ಆ ಕಾಲದಲ್ಲಿ ಅಲ್ಲಿನ ಫೀಸನ್ನು ದುಡಿದು, ಒಂದಿಷ್ಟು ಸಾಲ ತೆಗೆದು ಕಟ್ಟಬಹುದಾಗಿತ್ತು. ಕಟ್ಟಿದ ಮೇಲೆ ಹೊಟ್ಟೆಗೆ ಏನೂ ಉಳಿಯುತ್ತಿರಲಿಲ್ಲ, ಅಷ್ಟೆ. ಮಧ್ಯಾಹ್ನವೆಲ್ಲ ಫೋಟೋಕಾಪಿ ಅಂಗಡಿ. ಮೆಷಿನ್ನಿನ ಬಿಸಿಗೆ, ಮಸಿಯ ವಾಸನೆಗೆ ತಲೆ ಸುತ್ತುತ್ತಿತ್ತು. ಊಟಕ್ಕೆ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಬಾಳೆಹಣ್ಣು. ಮಾರನೆಯ ದಿನ ಬಾಳೆಹಣ್ಣು, ಬ್ರೆಡ್ಡು. ಮೂರು ತಿಂಗಳಲ್ಲಿ ಜೀನ್ಸು ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡಿದ್ದೆ. ಹಸಿವಾದಾಗ ಭಾಷಣ ಬರೆಯುತ್ತಿದ್ದೆ. ಹಸಿದಾಗ ಬರೆದ ಸಾಲುಗಳೇ ಚೆನ್ನಾಗಿ ಬರುತ್ತಿದ್ದವು ಎನ್ನುವುದು ಸುಳ್ಳಲ್ಲ.

ದೀಪಾವಳಿಗೆ ಅಮ್ಮ ಒಬ್ಬರೇ ಟ್ರೇನು, ಬಸ್ಸು ಬದಲಾಯಿಸಿಕೊಂಡು ಬರ್ಕ್ಲಿಗೆ ಬಂದರು. ಒಂದು ಸ್ಟೀಲ್ ಡಬ್ಬಿಯ ತುಂಬ ಚಕ್ಕುಲಿ, ಇನ್ನೊಂದರಲ್ಲಿ ಕಾಯಿ ಹೋಳಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಗಳ ಮುಚ್ಚಳ ತೆಗೆದು ಮುಂದಿಟ್ಟರು.

“ಅಪ್ಪನ ದುಡ್ಡಿಂದಲ್ವಾ ಬೆಲ್ಲ ತಂದಿದ್ದು?” ಎಂದೆ.

“ನಿಂಗೆ ಹುಚ್ಚೇನೆ? ತಿನ್ನು.”

ನಾನು ಮುಟ್ಟಲಿಲ್ಲ. ಬಾಯಲ್ಲಿ ನೀರೂರುತ್ತಿತ್ತು, ಆದರೂ ಮುಟ್ಟಲಿಲ್ಲ. ಎರಡೂ ಡಬ್ಬಿ ಬಂದ ಹಾಗೆಯೇ ವಾಪಸು ಹೋದವು. ಬಸ್ಸಿನ ಕಿಟಕಿಯಲ್ಲಿ ಅಮ್ಮ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವತ್ತು ನನಗೆ ಅನಿಸಿದ್ದು ಹೆಮ್ಮೆ, ಬೇರೇನೂ ಅಲ್ಲ. ಈಗ ಹೇಳಿಕೊಳ್ಳಲು ಕಷ್ಟವಾಗುತ್ತದೆ.

ಆಮೇಲೆ ಎರಡು ವಾರವೂ ಕಳೆದಿರಲಿಲ್ಲ, ನನ್ನ ದೆಸೆ ತಿರುಗಿತು. ಓಕ್ಲೆಂಡಿನ ಡಾಕ್ಟರ್ ದಂಪತಿ ಫೋನು ಮಾಡಿದರು. ಸಂಘದಲ್ಲಿ ನನ್ನನ್ನು ನೋಡಿದ್ದರಂತೆ. ಮಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ, ಮಂಗಳವಾರ ಸಂಜೆ ಬಂದು ಹೇಳಿಕೊಡುತ್ತೀಯಾ, ಊಟ ಇಲ್ಲೇ ಮಾಡು ಎಂದರು. ಅದಾದ ಮೇಲೆ ಎಲ್ ಸೆರಿಟೊದಿಂದ ಒಬ್ಬ ಆಂಟಿ. ಅವರ ಅತ್ತೆ ಹಾಸನದಿಂದ ಬಂದಿದ್ದಾರೆ, ಹಗಲೆಲ್ಲ ಗೋಡೆ ನೋಡಿಕೊಂಡು ಕೂರುತ್ತಾರೆ, ಗುರುವಾರ ಬಂದು ಅವರ ಜೊತೆ ಮಾತಾಡುತ್ತೀಯಾ, ಊಟ ಇಲ್ಲೇ. ನಾನು ಒಪ್ಪುವ ಮುಂಚೆ ಹೇಳಿಬಿಟ್ಟೆ: ಕೆಲಸ ಇದ್ದರೆ ಮಾತ್ರ ಬರುತ್ತೇನೆ, ಬಿಟ್ಟಿ ಊಟಕ್ಕೆ ಬರುವುದಿಲ್ಲ. ‘ಕೆಲಸಾನೇ ಕಣಮ್ಮ’ ಎಂದರು ಇಬ್ಬರೂ.

ಮೂರನೆಯ ಫೋನು ಬಂದದ್ದು ವಾಲ್ನಟ್ ಕ್ರೀಕಿನಿಂದ. ಆ ದನಿಯ ಗುರುತು ಸಿಕ್ಕಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರಿಗೂ ನಮ್ಮ ಅಪ್ಪನಿಗೂ ಮಾತು ನಿಂತು ಎರಡು ವರ್ಷವಾಗಿತ್ತು. ಒಂದು ಗಣೇಶನ ಹಬ್ಬಕ್ಕೆ ಸಂಘದ ಅಡುಗೆಯ ಉಸ್ತುವಾರಿ ಅಪ್ಪನದಾಗಿತ್ತು. ಚೆಲ್ಲಬಾರದು ಎಂದು ಅಪ್ಪ ಕಡಿಮೆ ಮಾಡಿಸಿದ್ದರು, ಕೊನೆಯ ಪಂಕ್ತಿಗೆ ಅನ್ನ ಸಾಲಲಿಲ್ಲ. ಆಗ ಇವರು ಮೈಕು ಹಿಡಿದು, “ವಾರಾನ್ನ ಉಂಡು ಬೆಳೆದವರ ಕೈಗೆ ಅಡುಗೆಮನೆ ಕೊಟ್ರೆ ಹೀಗೇ ಆಗೋದು” ಎಂದು ನಕ್ಕರು. ಸಭೆಯೂ ನಕ್ಕಿತು. ಅಪ್ಪ ಅವತ್ತು ಊಟ ಮಾಡದೆ ಮನೆಗೆ ಬಂದರು. ಆಮೇಲೆ ಆ ಮನುಷ್ಯನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಅಂಥವರು ಫೋನಿನಲ್ಲಿ ಗಂಟಲು ಸರಿಮಾಡಿಕೊಂಡು, “ಮಗಳಿಗೆ ಗಣಿತ ಹೇಳಿಕೊಡ್ತೀಯೇನಮ್ಮ? ಶನಿವಾರ ಬಾ. ಎರಡು ಹೊತ್ತೂ ಇಲ್ಲೇ ಊಟ ಮಾಡ್ಕೊಂಡು ಹೋಗು,” ಎಂದರು.

ಹೋಗದೆ ಇರುತ್ತೇನೆಯೇ? ಇಡೀ ಬೇ ಏರಿಯಾದಲ್ಲಿ ಅಪ್ಪನಿಗೆ ಉರಿಯುವಂಥ ಮನೆ ಇದ್ದರೆ ಅದೊಂದೇ. ಶನಿವಾರ ಬೆಳಿಗ್ಗೆ ಟ್ರೇನು ಹತ್ತಿದರೆ ಗುಡ್ಡದ ಸುರಂಗ ದಾಟಿ ಆಚೆ ಬಿಸಿಲಿಗೆ ಇಳಿಯುತ್ತಿದ್ದೆ. ಆ ಮನೆಯ ಆಂಟಿಯ ಕೈರುಚಿ ಬಂಗಾರ. ಹುಳಿ, ಪಲ್ಯ, ಕೋಸಂಬರಿ, ಸಾರು, ಕೆಲವು ವಾರ ಒಬ್ಬಟ್ಟು. ನಾನು ಒಂದು ಸಲವೂ ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಮೂರು ಸಲ ಹಾಕಿಸಿಕೊಳ್ಳುತ್ತಿದ್ದೆ, ಅಪ್ಪ ನೋಡಬೇಕಿತ್ತು ಎಂದುಕೊಳ್ಳುತ್ತಿದ್ದೆ. ಹುಡುಗಿ ಗಣಿತದಲ್ಲಿ ಜಾಣೆ, ನಾನು ಹೇಳಿಕೊಡುವಂಥದ್ದು ಏನೂ ಇರಲಿಲ್ಲ. “ಐ ಆಲ್ರೆಡಿ ನೋ ದಿಸ್, ಅಕ್ಕ,” ಎಂದು ಪುಸ್ತಕ ಮುಚ್ಚುತ್ತಿದ್ದಳು. ಊಟ ತಪ್ಪೀತೆಂದು ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಅಮ್ಮನ ಫೋನು ಭಾನುವಾರ ಬರುತ್ತಿತ್ತು. ಚಕ್ಕುಲಿ ವಿಷಯ ಅವರು ಎತ್ತಲಿಲ್ಲ. ಮಂಗಳವಾರ ಏನು ಮಾಡಿದ್ದರು, ಗುರುವಾರ ಏನು, ಶನಿವಾರ ಸಾರು ಯಾವುದರದ್ದು, ಹೊಟ್ಟೆ ತುಂಬ ಹಾಕಿದರಾ ಎಂದು ಬಿಡದೆ ಕೇಳುತ್ತಿದ್ದರು. ಬೇರೆಯವರ ಅಡುಗೆಯ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡು ನಾನು ಇನ್ನಷ್ಟು ಸೇರಿಸಿ ಹೇಳುತ್ತಿದ್ದೆ.

“ಅಪ್ಪಂಗೆ ಹೇಳು, ಶನಿವಾರಾನೇ ನಂಗೆ ಹಬ್ಬ ಅಂತ. ಯಾರ ಮನೇಲಿ ಅಂತಾನೂ ಹೇಳು,” ಎಂದೆ ಒಂದು ಸಲ.

“ಹೇಳ್ತೀನಿ ಕಣೆ,” ಎಂದರು ಅಮ್ಮ.

ಎಲ್ ಸೆರಿಟೊದ ಅಜ್ಜಿಗೆ ನಾನು ಅಚ್ಚುಮೆಚ್ಚು. ಬಾಗಿಲು ತೆಗೆದಾಗಲೆಲ್ಲ ಒಳಗೆ ತಿರುಗಿ, “ನಮ್ಮ ಗುರುವಾರದ ಹುಡುಗಿ ಬಂದ್ಲು, ಎಲೆ ಹಾಕ್ರೇ,” ಎಂದು ಕೂಗುತ್ತಿದ್ದರು. ಎಲೆ ಎಲ್ಲಿಂದ ಬರಬೇಕು, ಕಾಗದದ ತಟ್ಟೆ. ನನ್ನ ಕನ್ನಡ ಎಂಟನೆಯ ವಯಸ್ಸಿಗೆ ವಿಮಾನ ಹತ್ತಿದ ಕನ್ನಡ. ಅದನ್ನು ತಿದ್ದಿ ಬೆಳೆಸಿದವರು ಆ ಅಜ್ಜಿ. ಯಾಕೆ ಎಂದು ಹೇಳದೆ ಅವರಿಂದ ಒಂದೊಂದೇ ಮಾತು ಕಲಿತು ಭಾಷಣಕ್ಕೆ ಸೇರಿಸುತ್ತಿದ್ದೆ. ಕೊನೆಯ ವರ್ಷ ಧೈರ್ಯ ಮಾಡಿ ಪೂರ್ತಿ ಓದಿ ಹೇಳಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು.

“ಕನ್ನಡ ಚೆನ್ನಾಗಿದೆ,” ಎಂದರು. ಆಮೇಲೆ ಕಣ್ಣು ತೆರೆದು, “ಓದ್ಲೇಬೇಕೇನೆ?”

“ಓದ್ಲೇಬೇಕು ಅಜ್ಜಿ.”

“ನಂಗೆ ಮಾತು ಕಟ್ಟಿಹಾಕಿದಾರೆ, ಇಲ್ದಿದ್ರೆ ಒಂದು ಹೇಳ್ತಿದ್ದೆ,” ಎಂದು ಎದ್ದು ಹೋದರು. ಸೊಸೆ ಏನೋ ಗದರಿಸಿರಬೇಕು ಎಂದುಕೊಂಡು ನಾನು ಕೆದಕಲಿಲ್ಲ.

ಆ ಜೂನ್‌ನಲ್ಲಿ ನನ್ನ ಶನಿವಾರ ಬಂತು. ಫ್ರೀಮಾಂಟಿನ ಒಂದು ಶಾಲೆಯ ಸಭಾಂಗಣ. ನಾನು ಅಮ್ಮನ ಸೀರೆ ಉಡಲಿಲ್ಲ, ದುಡಿದು ಕೊಂಡ ಸ್ಕರ್ಟು ಹಾಕಿಕೊಂಡು ಹೋದೆ. ನಾಲ್ಕು ವರ್ಷದಲ್ಲಿ ಅಪ್ಪನನ್ನು ನಾನು ಹತ್ತು ಸಲವೂ ನೋಡಿರಲಿಲ್ಲ. ನೋಡಿದಾಗಲೂ ಹವಾಮಾನದ ಮಾತು. ಕೂದಲು ತೆಳ್ಳಗಾಗಿತ್ತು. ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ನೆಟ್ಟಗೆ ನಿಂತರು. ಇವತ್ತು ಇಳಿಯುವಾಗ ಹೀಗೆ ಇಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನು ಮೈಕಿನ ಹತ್ತಿರ ಹೋದೆ.

“ನನ್ನ ತಂದೆಯವರಿಗೆ ನಾನು ಕೃತಜ್ಞಳು,” ಎಂದು ಶುರುಮಾಡಿದೆ. “ನನ್ನ ಓದಿಗೆ ಅವರು ಒಂದು ಕಾಸನ್ನೂ ಕೊಡಲಿಲ್ಲ. ಅದರಿಂದ ನಾನು ದುಡಿಯುವುದನ್ನು ಕಲಿತೆ. ಅವರು ಹಸಿವಿನ ಕತೆಯನ್ನು ಮಾತ್ರ ಕೊಟ್ಟರು, ಅನ್ನ ಕೊಡಲಿಲ್ಲ. ಅದರಿಂದ ಅನ್ನ ಕೊಟ್ಟವರು ಯಾರು ಎಂದು ತಿಳಿಯಿತು. ನನ್ನ ತಂದೆಯವರು ಮಗಳನ್ನು ಹಸಿವಿಗೆ ಬಿಟ್ಟಾಗ ನನ್ನನ್ನು ಸಾಕಿದ ಮೂರು ಮನೆಯವರು ಈ ಸಭೆಯಲ್ಲಿ ಇದ್ದಾರೆ. ನನ್ನ ನಿಜವಾದ ಕೃತಜ್ಞತೆ ಅವರಿಗೆ. ಅವರು ದಯವಿಟ್ಟು ಎದ್ದು ನಿಲ್ಲಬೇಕು.”

ಸಭೆ ಉಸಿರು ಬಿಗಿಹಿಡಿಯುತ್ತದೆ, ಮೂರು ಮನೆಯವರು ಏಳುತ್ತಾರೆ, ಎಲ್ಲರೂ ತಿರುಗಿ ಅಪ್ಪನ ಮುಖ ನೋಡುತ್ತಾರೆ ಎಂದು ನಾಲ್ಕು ವರ್ಷ ಲೆಕ್ಕ ಹಾಕಿದ್ದೆ. ಯಾರೂ ಏಳಲಿಲ್ಲ. ಡಾಕ್ಟರ್ ದಂಪತಿ ತಮ್ಮ ಕಾಲ ಬುಡ ನೋಡುತ್ತಿದ್ದರು. ಎಲ್ ಸೆರಿಟೊದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ವಾಲ್ನಟ್ ಕ್ರೀಕಿನವರ ಮುಖ ಸಿಟ್ಟಿಗೆ ಕೆಂಪಾಗಿತ್ತು, ಆದರೆ ಅವರು ಗುರಾಯಿಸುತ್ತಿದ್ದದ್ದು ನನ್ನನ್ನು. ಆಗ ಅಪ್ಪ ಎರಡು ಹೆಜ್ಜೆ ಮುಂದೆ ಬಂದು, ಕೈ ಮುಗಿದು, ಸಭೆಯ ಮೂರು ಕಡೆಗೆ ತಿರುಗಿ ಮೂರು ಸಲ ತಲೆ ಬಾಗಿಸಿದರು. ಆಮೇಲೆ ಮೆಟ್ಟಿಲಿಳಿದು ಹೋದರು. ಕ್ಷಮೆ ಕೇಳುತ್ತಿದ್ದಾರೆ, ಗೆದ್ದೆ ಎಂದುಕೊಂಡೆ. ಆದರೆ ಗೆದ್ದವರಿಗೆ ಇರಬೇಕಾದ ಸಂತೋಷ ಬರಲೇ ಇಲ್ಲ.

ಊಟದ ಸಾಲಿನಲ್ಲಿ ವಾಲ್ನಟ್ ಕ್ರೀಕಿನವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದರು.

“ಎದ್ದು ನಿಲ್ಲು ಅಂದ್ಯಲ್ಲ, ಯಾವ ಮುಖ ಇಟ್ಕೊಂಡು ನಿಲ್ಲೋದಮ್ಮ ನಾನು? ನಿಮ್ಮಪ್ಪ ಮಾತು ತಗೊಂಡಿದ್ರು ಅಂತ ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ. ಇನ್ನು ಆಗಲ್ಲ. ದೀಪಾವಳಿ ಆದ್ಮೇಲೆ ಒಂದು ಸಂಜೆ ಆಫೀಸಿಂದ ನೆಟ್ಟಗೆ ನಮ್ಮನೆಗೆ ಬಂದ್ರು. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ. ಬಾಗಿಲಲ್ಲೇ ನಿಂತ್ಕೊಂಡು, ‘ವಾರಾನ್ನ ಕೇಳೋಕೆ ಬಂದಿದೀನಿ’ ಅಂದ್ರು.”

ನನ್ನ ತೋಳು ಬಿಟ್ಟು ಮುಂದುವರಿಸಿದರು.

“‘ಮಗಳು ಬರ್ಕ್ಲಿಯಲ್ಲಿ ಹಸ್ಕೊಂಡಿದಾಳೆ. ನಾನು ಕೊಡಲ್ಲ ಅಂದ್ಬಿಟ್ಟಿದೀನಿ, ಕೊಟ್ರೂ ಅವ್ಳು ತಗೊಳಲ್ಲ. ಅವ್ಳಿಗೆ ಬೇಸರ ಆಗದ ಹಾಗೆ ಏನಾದ್ರೂ ಕೆಲಸ ಹೇಳಿ, ಊಟ ಹಾಕಿ’ ಅಂದ್ರು. ನಾನು ಅವತ್ತು ಮೈಕಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳೋಕೆ ಹೋದ್ರೆ, ‘ಅದೆಲ್ಲ ಇರ್ಲಿ, ಶನಿವಾರ ಆಗತ್ತೋ ಇಲ್ವೋ ಹೇಳಿ’ ಅಂದ್ರು. ‘ಮಂಗಳವಾರ, ಗುರುವಾರ ಮನೆ ಸಿಕ್ಕಿದೆ. ಬೇರೆ ದಿನ ಹೇಗೋ ಕಳೀತಾಳೆ. ಶನಿವಾರ ಒಂದು ಇಲ್ಲ ಅನ್ಬೇಡಿ’ ಅಂತ ನನ್ನ ಕೈ ಹಿಡ್ಕೊಂಡ್ರಮ್ಮ.”

ಅವರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ನಾಲ್ಕು ವರ್ಷ ನಾನು ದುಡಿದು ಉಂಡೆ ಎಂದುಕೊಂಡದ್ದು ಅಪ್ಪ ಬೇಡಿ ತಂದ ಅನ್ನ. ಅಪ್ಪನನ್ನು ಉರಿಸಲೆಂದು ಮೂರು ಮೂರು ಸಲ ಹಾಕಿಸಿಕೊಂಡ ಸಾರು ಕೂಡ ಅವರದೇ. ನನ್ನ ಸೇಡನ್ನೂ ನನ್ನ ಕೈಗೆ ಬಿಡದ ಈ ಮನುಷ್ಯನನ್ನು ಏನು ಮಾಡಲಿ? ಭಾಷಣದ ಹಾಳೆಯನ್ನು ಮುದ್ದೆ ಮಾಡಿ ಕಸದ ಡಬ್ಬಕ್ಕೆ ಹಾಕಿದೆ. ಮೂರು ಕಡೆಗೆ ತಿರುಗಿ ಕೈ ಮುಗಿದದ್ದು ಯಾಕೆ ಎಂದು ಆಗ ಹೊಳೆಯಿತು. ಕ್ಷಮೆಯಲ್ಲ, ಉಂಡ ಮನೆಗಳಿಗೆ ನಮಸ್ಕಾರ. ನಾನು ಎದ್ದು ನಿಲ್ಲಿ ಎಂದು ಅಧಿಕಾರ ಚಲಾಯಿಸಿದ ಜನರ ಬಾಗಿಲಲ್ಲಿ ಅವರು ಆಗಲೇ ನಿಂತು ಬಂದಿದ್ದರು.

ಅಪ್ಪ ಸಭಾಂಗಣದ ಮೂಲೆಯಲ್ಲಿ ಒಂದು ಮಡಚುವ ಕುರ್ಚಿಯ ಮೇಲೆ, ಕಾಗದದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಉಣ್ಣುತ್ತಿದ್ದರು. ಅಮ್ಮ ದೂರದಿಂದ ನನ್ನನ್ನೇ ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ನಾನು ಮೇಜಿನ ಮೇಲಿದ್ದ ಬಿಸಿಬೇಳೆಬಾತಿನ ಪಾತ್ರೆಯನ್ನೇ ಎತ್ತಿಕೊಂಡೆ. ನಾನು ಅವರನ್ನು ಕ್ಷಮಿಸಿರಲಿಲ್ಲ. ಇತಿಹಾಸಕ್ಕೆ ಫೀಸು ಕೊಡುವುದಿಲ್ಲ ಎಂದದ್ದನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ನನ್ನದೂ ಅದೇ ಅಚ್ಚು. ಆದರೂ ಹೋಗಿ ಎದುರು ನಿಂತು ಸೌಟು ಎತ್ತಿದೆ. ಅಪ್ಪ ತಲೆ ಎತ್ತದೆ ತಟ್ಟೆಗೆ ಕೈ ಅಡ್ಡ ಹಿಡಿದರು.

“ಸಾಕು.”

“ಇವತ್ತು ಶನಿವಾರ ಅಪ್ಪ.”

ಆಗ ನನ್ನ ಮುಖ ನೋಡಿದರು. ವಾಲ್ನಟ್ ಕ್ರೀಕಿನವರು ಎಲ್ಲಿ ನಿಂತಿದ್ದಾರೆ ಎಂದು ಒಮ್ಮೆ ಹುಡುಕಿದರು. ನನಗೆ ಗೊತ್ತಾಗಿದೆ ಎನ್ನುವುದು ಅವರಿಗೆ ಗೊತ್ತಾಯಿತು. ಸೌಟು ಹಿಡಿದ ನನ್ನ ಕೈ ನೋಯುವವರೆಗೂ ಆ ಕೈ ತಟ್ಟೆಯ ಮೇಲೇ ಇತ್ತು. ನಾನೂ ಕದಲಲಿಲ್ಲ. ಕೊನೆಗೆ ಅಪ್ಪ ಕೈ ತೆಗೆದರು.